ಕಠಿಣ ವಚನಗಳು ಮತ್ತು ಸಂತ ಅಗಸ್ಟೀನರು

ಚನ್ನಗಿರಿಯ ನಮ್ಮ ಮನೆಗಳಲ್ಲಿ ಸಂಜೆಯ ಜಪಸರದ ಬಳಿಕ ಬೈಬಲ್ ತೆರೆದಾಗ, ಮೂಲಪಿತೃಗಳಿಗೆ ಹಲವು ಪತ್ನಿಯರೇಕೆ ಎಂದು ಮಕ್ಕಳು ಕೇಳುವುದುಂಟು. ಇಂತಹ ತೊಡಕುಗಳೇ ಸಂತ ಅಗಸ್ಟೀನರನ್ನು ವರ್ಷಗಟ್ಟಲೆ ಧರ್ಮಸಭೆಯಿಂದ ದೂರವಿರಿಸಿದ್ದವು ಎಂಬುದನ್ನು ನಾವು ಮರೆಯಬಾರದು.

354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಸಂತ ಮೋನಿಕರ ಮಗನಾಗಿ ಜನಿಸಿದ ಅವರು ಭಾಷಣಕಲೆಯಲ್ಲಿ ಪಾರಂಗತರಾದರು. ಯೌವನದಲ್ಲಿ ಪವಿತ್ರ ಗ್ರಂಥವನ್ನು ಕೈಗೆತ್ತಿಕೊಂಡಾಗ ಅದರ ಸರಳ ಶೈಲಿ ಅವರಿಗೆ ಒರಟೆನಿಸಿತು. ಮೂಲಪಿತೃಗಳ ಬಾಳನ್ನು ಹಳಿಯುತ್ತಿದ್ದ ಮಾನಿ ಪಂಥವನ್ನು ಸೇರಿ ಸುಮಾರು 9 ವರ್ಷ ಅಲ್ಲಿಯೇ ಉಳಿದರು. ತಾಯಿಯ ಕಣ್ಣೀರು ನಿಲ್ಲಲಿಲ್ಲ.

384ರಲ್ಲಿ ಮಿಲಾನ್ ನಗರಕ್ಕೆ ಅಧ್ಯಾಪಕರಾಗಿ ಬಂದ ಅವರು, ಧರ್ಮಾಧ್ಯಕ್ಷ ಸಂತ ಅಂಬ್ರೋಸರ ವಾಕ್ಚಾತುರ್ಯವನ್ನು ಅಳೆಯಲೆಂದು ದೇವಾಲಯಕ್ಕೆ ಹೋದರು. ಬರೀ ಅಕ್ಷರಕ್ಕೆ ಜೋತುಬಿದ್ದು ಓದಿದಾಗ ಅಸಂಬದ್ಧವೆನಿಸಿದ್ದ ವಚನಗಳು, ಅಂಬ್ರೋಸರು ಆಧ್ಯಾತ್ಮಿಕ ಅರ್ಥವನ್ನು ಬಿಡಿಸಿದಾಗ ಬೆಳಗಿದವು. 387ರ ಪಾಸ್ಖ ಜಾಗರಣೆಯಲ್ಲಿ ಅಂಬ್ರೋಸರಿಂದಲೇ ಜ್ಞಾನಸ್ನಾನ ಪಡೆದರು.

ಮುಂದೆ ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿ, ಗ್ರಂಥವನ್ನು ಅರ್ಥೈಸುವ ಕ್ರಮವನ್ನು ಕುರಿತು ಕೃತಿಯೊಂದನ್ನು ರಚಿಸತೊಡಗಿ 426ರ ವೇಳೆಗೆ ಪೂರ್ಣಗೊಳಿಸಿದರು. ಮಸುಕಾದ ವಚನವನ್ನು ಸ್ಪಷ್ಟ ವಚನದ ಬೆಳಕಿನಲ್ಲಿ ಓದಬೇಕು. ಹಿಂದುಮುಂದಿನ ಮಾತುಗಳನ್ನೂ ಆ ಕಾಲದ ಆಚಾರವನ್ನೂ ಗಮನಿಸಬೇಕು. ಮೂಲಪಿತೃಗಳ ಬಹುಪತ್ನಿತ್ವವು ಅಂದಿನ ರೂಢಿಯೇ ಹೊರತು ನಮಗೆ ಮಾದರಿಯಲ್ಲ. ದೇವಪ್ರೀತಿಯನ್ನೂ ಪರಪ್ರೀತಿಯನ್ನೂ ಬೆಳೆಸದ ವ್ಯಾಖ್ಯಾನವು ಗ್ರಂಥವನ್ನು ಅರಿತ ವ್ಯಾಖ್ಯಾನವಲ್ಲ. ಇದು ಅವರ ಬೋಧನೆಯ ಸಾರ. 430ರ ಆಗಸ್ಟ್ 28ರಂದು ಅವರು ದೈವಾಧೀನರಾದರು.

ಮಕ್ಕಳ ಪ್ರಶ್ನೆಗೆ ಗದರಿಕೆಯೇ ಉತ್ತರವಾದರೆ, ಯುವಕ ಅಗಸ್ಟೀನರಂತೆ ಅವರೂ ಬೇರೆ ಬಾಗಿಲು ತಟ್ಟುವರು. ಆದ್ದರಿಂದ ಅವರೊಡನೆ ಕುಳಿತು, ಅಧ್ಯಾಯವನ್ನು ಪೂರ್ತಿ ಓದಿ, ಕ್ರಿಸ್ತರ ಶುಭಸಂದೇಶದ ಬೆಳಕಿನಲ್ಲಿ ಅರ್ಥವನ್ನು ಅರಸೋಣ.