ಕಾಲರಾ ಮತ್ತು ರೊನಾಲ್ಡ್ ರಾಸ್

ಮಕ್ಕಳೇ, ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡುಹಿಡಿದು 1902ರಲ್ಲಿ ನೊಬೆಲ್ ಬಹುಮಾನ ಪಡೆದ ರೊನಾಲ್ಡ್ ರಾಸ್ ನಮ್ಮ ಬೆಂಗಳೂರಿನಲ್ಲಿದ್ದರು, ಗೊತ್ತೇ?

ರಾಸ್ 1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದರು. ವೈದ್ಯರಾದ ಅವರನ್ನು 1895ರಲ್ಲಿ ಸರ್ಕಾರ ಬೆಂಗಳೂರಿಗೆ ಕಳುಹಿಸಿತು. ಅಲ್ಲಿ ಕಾಲರಾ ಹಬ್ಬಿತ್ತು. ವಾಂತಿಭೇದಿಯಿಂದ ದೇಹದ ನೀರು, ಲವಣ ಬರಿದಾಗಿ ರೋಗಿಗಳು ಸಾಯುತ್ತಿದ್ದರು. ನಂಬಬಹುದಾದ ಔಷಧಿ ಆಗ ಇರಲಿಲ್ಲ. ಊರಿನ ನೈರ್ಮಲ್ಯ ಸುಧಾರಿಸುವುದೇ ರಾಸ್ ಅವರ ಕೆಲಸವಾಯಿತು. ಅವರು 1932ರಲ್ಲಿ ತೀರಿಕೊಂಡರು.

ಇಂದು ಓ.ಆರ್.ಎಸ್. ಇದೆ. ಅದರಲ್ಲಿರುವ ಸಕ್ಕರೆಯ ಅಂಶವು ಉಪ್ಪು, ನೀರನ್ನು ಕರುಳು ಹೀರಿಕೊಳ್ಳಲು ನೆರವಾಗುತ್ತದೆ. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಅಳೆದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಸ್ವಲ್ಪ ಸ್ವಲ್ಪವೇ ಕುಡಿಸುತ್ತಾ ವೈದ್ಯರ ಬಳಿಗೆ ಕರೆದೊಯ್ಯಿರಿ.