ಅಕ್ಕನ ಕತ್ತರಿ

 

ಧಮ್ಮಬಂಧುಗಳೇ, ಬಾಲಕ ಭೀಮರಾವ್ ಶಾಲೆಗೆ ಒಯ್ಯುತ್ತಿದ್ದ ಗೋಣಿಚೀಲದ ಕಥೆ ನಮಗೆಲ್ಲ ಗೊತ್ತು. ಅದೇ ಮನೆಯಲ್ಲಿದ್ದ ಕತ್ತರಿಯ ಕಥೆಯನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಬಾಬಾಸಾಹೇಬರು ಹುಟ್ಟಿದ್ದು 1891ರಲ್ಲಿ, ಮಹೂದಲ್ಲಿ. ಬಾಲ್ಯ ಕಳೆದದ್ದು ಸಾತಾರಾದಲ್ಲಿ. ನಮ್ಮ ಧಾರವಾಡ, ಬೆಳಗಾವಿಗಳೂ ಆಗ ಅದೇ ಮುಂಬೈ ಪ್ರಾಂತ್ಯದಲ್ಲಿದ್ದವು. ಹುಡುಗ ಚಿಕ್ಕವನಿದ್ದಾಗಲೇ ತಾಯಿ ಭೀಮಾಬಾಯಿ ತೀರಿಕೊಂಡರು. ಸೋದರತ್ತೆ ಮೀರಾಬಾಯಿ ಮನೆ ನೋಡಿಕೊಂಡರು.

ಶಾಲೆಯಲ್ಲಿ ಅವನು ಮೂಲೆಯಲ್ಲಿ ಬೇರೆ ಕೂರಬೇಕು. ಹಾಸಿಕೊಳ್ಳಲು ಗೋಣಿಯನ್ನು ಮನೆಯಿಂದ ತರಬೇಕು. ಗುಡಿಸುವ ಆಳು ಅದನ್ನು ಮುಟ್ಟನು. ಬಾಯಾರಿದರೆ ಜವಾನ ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ.

ಮನೆಯಲ್ಲಿ? ತಂದೆ ರಾಮ್‌ಜಿ ನಿವೃತ್ತ ಸುಬೇದಾರರು, ಕೊಡಲು ದುಡ್ಡಿತ್ತು. ಊರ ತುಂಬ ಅಗಸರು, ಕ್ಷೌರಿಕರು ಇದ್ದರು. ಆದರೆ ಯಾರೂ ಈ ಮನೆಯವರ ಬಟ್ಟೆ ಒಗೆಯರು, ತಲೆ ಮುಟ್ಟರು. ಬಟ್ಟೆ ಒಗೆಯುವುದು ಅಕ್ಕಂದಿರ ಪಾಲಿಗೆ, ಕೂದಲು ಕತ್ತರಿಸುವುದು ಹಿರಿಯ ಅಕ್ಕನ ಪಾಲಿಗೆ ಬಂತು. ತಮ್ಮಂದಿರ ಕೂದಲು ಕತ್ತರಿಸಿ ಕತ್ತರಿಸಿ ಆಕೆಯ ಕೈ ಪಳಗಿಹೋಯಿತು.

ಶಾಲೆ ತಮ್ಮನಿಗೆ ಅವನ ಜಾಗ ಯಾವುದೆಂದು ತೋರಿಸಿತು. ಊರು ಮಾಡಿದ ಅವಮಾನದ ದುಡಿಮೆ ಮಾತ್ರ ಹೆಣ್ಣುಮಗಳ ಹೆಗಲೇರಿತು.

ಭೀಮನಿಗೆ ಇದೆಲ್ಲ ಲೋಕದ ರೂಢಿ ಅನ್ನಿಸಿತ್ತು. 1901ರಲ್ಲಿ ತಂದೆಯನ್ನು ನೋಡಲು ಕೋರೆಗಾವ್‌ಗೆ ಹೊರಟಾಗ, ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ಸ್ಟೇಷನ್ ಮಾಸ್ತರರು ಬ್ರಾಹ್ಮಣರೆಂದು ತಿಳಿದು ಆದರಿಸಿದರು. ಮಹಾರರೆಂದು ಗೊತ್ತಾದೊಡನೆ ಅವರ ಮುಖವೇ ಬದಲಾಯಿತು. ಎರಡು ಪಟ್ಟು ಬಾಡಿಗೆಗೆ ಒಪ್ಪಿದ ಗಾಡಿಯವನೂ ಮೈಲಿಗೆಯಾದೀತೆಂದು ಕೆಳಗೆ ನಡೆದ. ಗಾಡಿ ಹೊಡೆದವರು ಮಕ್ಕಳೇ. ಅಂದಿನಿಂದ ಹುಡುಗ ಯೋಚಿಸತೊಡಗಿದ.

ಮುಂದೆ 1928ರಲ್ಲಿ ಅವರು ಶಿಕ್ಷಣ ಸಂಘ ಕಟ್ಟಿದರು. ಅದರ ಆಶ್ರಯದಲ್ಲಿ ನಡೆದ ಹಾಸ್ಟೆಲ್‌ಗಳಲ್ಲಿ ಒಂದು ಧಾರವಾಡದ್ದು. ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಮಸೂದೆ ನಿಂತುಹೋದದ್ದು 1951ರಲ್ಲಿ ಅವರು ಮಂತ್ರಿಪದವಿ ಬಿಡಲು ಒಂದು ಮುಖ್ಯ ಕಾರಣ. ಅಕ್ಕನ ಕತ್ತರಿಯೇ ಇದಕ್ಕೆಲ್ಲ ಮೂಲ ಎಂದು ನಾನು ಹೇಳಲಾರೆ. ಆದರೆ ಬಾಲ್ಯದ ನೆನಪುಗಳನ್ನು ಬರೆಯುವಾಗ ಅವರು ತಮ್ಮ ಗೋಣಿಯ ಜೊತೆಗೆ ಅಕ್ಕನ ದುಡಿಮೆಯನ್ನೂ ಮರೆಯದೆ ಬರೆದಿಟ್ಟರು.

ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ ಭಗವಾನ್ ಬುದ್ಧರು ಅವರಿಗಿಂತ ಮೊದಲು ಕ್ಷೌರಿಕ ಉಪಾಲಿಗೆ ದೀಕ್ಷೆ ಕೊಟ್ಟರು. ಹಿರಿಯ ಭಿಕ್ಖುವಾದ ಅವನಿಗೆ ರಾಜಕುಮಾರರೇ ವಂದಿಸಬೇಕಾಯಿತು. ಹುಟ್ಟಿನ ಸಾಲನ್ನು ಹೀಗೆ ಅದಲುಬದಲು ಮಾಡಿದ ಧಮ್ಮಕ್ಕೇ ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಂದು ಸೇರಿದರು.

ನಾನು ಮೇಷ್ಟರು. ಮಧುರೆಯ ಕಡೆಯ ಮಕ್ಕಳನ್ನು ದಿನಾ ನೋಡುತ್ತೇನೆ. ಪೊರಕೆ ಎಂದರೆ ಈಗಲೂ ಹುಡುಗಿಯರೇ ಎದ್ದು ಬರುತ್ತಾರೆ. ಯಾರೂ ಹೆಸರು ಕರೆದಿರುವುದಿಲ್ಲ. ಅಷ್ಟು ಆಳಕ್ಕೆ ಇಳಿದಿರುತ್ತದೆ ಆ ಪಾಠ. ಅಂಥ ಮಗುವಿನ ಜಾತಿಯೂ ಊರ ಕಣ್ಣಿಗೆ ಕೀಳಾದರೆ ಭಾರ ಎರಡು ಪಟ್ಟು.

ಇಂದಿನ ಸಾಧನೆ ಇಷ್ಟೇ: ನಮ್ಮ ಮನೆಯಲ್ಲಿ, ತರಗತಿಯಲ್ಲಿ, ವಿಹಾರದಲ್ಲಿ ಪೊರಕೆ ಯಾರ ಕೈಯಲ್ಲಿದೆ, ಪುಸ್ತಕ ಯಾರ ಕೈಯಲ್ಲಿದೆ ಎಂದು ಒಮ್ಮೆ ಕಣ್ಣು ಬಿಟ್ಟು ನೋಡೋಣ. ಒಂದು ದಿನವಾದರೂ ಕೈ ಬದಲಾಯಿಸೋಣ.

ಭವತು ಸಬ್ಬ ಮಂಗಲಂ.