ಇಮಾಮ್ ಗಝಾಲಿ(ರ): ಹೃದಯ ಮತ್ತು ಅಂಗಾಂಗಗಳು

ಇಮಾಮ್ ಗಝಾಲಿಯವರ(ರ) 'ಇಹ್ಯಾ ಉಲೂಮಿದ್ದೀನ್' ಗ್ರಂಥದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಅದಕ್ಕೆ ಮುಂಚೆ ಅವರನ್ನು ಕಾಡಿದ ಒಂದು ವಿಚಿತ್ರ ಕಾಯಿಲೆಯ ಕುರಿತು ತಿಳಿದವರು ಕಡಿಮೆ.

ಅವರು ಹಿಜರಿ 450ರಲ್ಲಿ, ಅಂದರೆ ಕ್ರಿ.ಶ. 1058ರಲ್ಲಿ, ಖುರಾಸಾನಿನ ತೂಸ್‌ನಲ್ಲಿ ಜನಿಸಿದರು. ಅದು ಈಗಿನ ಇರಾನಿನಲ್ಲಿದೆ. ಬಾಲ್ಯದಲ್ಲೇ ತಂದೆಯನ್ನು ಕಳಕೊಂಡ ಅವರು ಮುಂದೆ ನಿಶಾಪುರದಲ್ಲಿ ಇಮಾಮುಲ್ ಹರಮೈನ್ ಜುವೈನಿಯವರ ಶಿಷ್ಯರಾದರು. 1091ರಲ್ಲಿ ವಝೀರ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಝಾಮಿಯ್ಯಾ ಮದ್ರಸದ ಅಧ್ಯಾಪಕರನ್ನಾಗಿ ನೇಮಿಸಿದರು. ಆಗ ಅವರ ವಯಸ್ಸು ಸುಮಾರು 33. ಪಾಠ ಕೇಳಲು 300ರಷ್ಟು ವಿದ್ಯಾರ್ಥಿಗಳು ಸೇರುತ್ತಿದ್ದರು. ಸ್ಥಾನಮಾನ, ಸಂಪತ್ತು, ಕೀರ್ತಿ ಎಲ್ಲವೂ ಇತ್ತು.

ಆದರೆ ತಾನು ಕಲಿಸುತ್ತಿರುವುದು ಅಲ್ಲಾಹನ ಸಂಪ್ರೀತಿಗಾಗಿಯೋ ಹೆಸರಿಗಾಗಿಯೋ ಎಂದು ಅವರು ತನ್ನನ್ನೇ ಪ್ರಶ್ನಿಸಿಕೊಂಡರು. ಸಿಕ್ಕಿದ ಉತ್ತರ ಅವರನ್ನು ನಡುಗಿಸಿತು. 1095ರಲ್ಲಿ ಸುಮಾರು ಆರು ತಿಂಗಳು ಅವರು ತೊಳಲಾಡಿದರು. ಬೆಳಿಗ್ಗೆ ಎಲ್ಲವನ್ನೂ ಬಿಟ್ಟು ಹೊರಡುವ ನಿರ್ಧಾರ, ಸಂಜೆಯಾದರೆ ಮನಸ್ಸು ಹಿಂದಕ್ಕೆ. ಕೊನೆಗೊಂದು ದಿನ ನಾಲಗೆಯೇ ಮುಷ್ಕರ ಹೂಡಿತು. ವಿದ್ಯಾರ್ಥಿಗಳ ಮನ ನೋಯಬಾರದೆಂದು ಪಾಠ ಮಾಡಲು ಹೊರಟರೆ ಒಂದು ಶಬ್ದವೂ ಹೊರಡಲಿಲ್ಲ. ಅದರ ಬೆನ್ನಿಗೆ ಹಸಿವು ಸತ್ತಿತು, ತುತ್ತು ಜೀರ್ಣವಾಗದಾಯಿತು. ರೋಗದ ಮೂಲ ಹೃದಯದಲ್ಲಿದೆ, ಅಲ್ಲಿಂದ ದೇಹಕ್ಕೆ ಹರಡಿದೆ, ಆ ಚಿಂತೆ ನೀಗದೆ ಔಷಧಿ ನಾಟದು ಎಂದು ವೈದ್ಯರು ಕೈಚೆಲ್ಲಿದರು. ದಿಕ್ಕು ತೋಚದೆ ಅವರು ಅಲ್ಲಾಹನಿಗೆ ಮೊರೆಯಿಟ್ಟರು. ಬಳಿಕ ಪದವಿಯನ್ನು ತ್ಯಜಿಸುವುದು ಅವರಿಗೆ ಸುಲಭವಾಯಿತು.

ಇದೆಲ್ಲವನ್ನೂ ನಾವು ಅರಿತಿರುವುದು ಅವರದೇ ಆತ್ಮಕಥನದಿಂದ. ತನ್ನ ಕೀರ್ತಿಮೋಹವನ್ನು ಇಷ್ಟು ನಿಸ್ಸಂಕೋಚವಾಗಿ ಬರೆದಿಟ್ಟ ವಿದ್ವಾಂಸರು ಎಷ್ಟು ಮಂದಿ ಸಿಗಬಹುದು?

ಮಕ್ಕಳು ಮರಿಗೆ ಬೇಕಾದಷ್ಟನ್ನು ಇಟ್ಟು ಉಳಿದ ಸಂಪತ್ತನ್ನು ಹಂಚಿ ಅವರು ಬಗ್ದಾದ್ ಬಿಟ್ಟರು. ದಮಾಸ್ಕಸ್‌ನ ಮಸೀದಿಯ ಮಿನಾರದಲ್ಲಿ ದಿನವಿಡೀ ಏಕಾಂತದಲ್ಲಿರುತ್ತಿದ್ದರು. ಬೈತುಲ್ ಮುಕದ್ದಸ್‌ಗೆ ಹೋದರು, ಹಜ್ ನಿರ್ವಹಿಸಿದರು. ಇಹ್ಯಾ ಮೂಡಿದ್ದು ಈ ವಿರಕ್ತಿಯ ವರ್ಷಗಳಲ್ಲಿ.

ಹೃದಯದ ವ್ಯಥೆ ನಾಲಗೆಯನ್ನು ಕಟ್ಟಿಹಾಕಬಲ್ಲುದಾದರೆ, ಅಂಗಾಂಗಗಳ ಕರ್ಮವೂ ಹೃದಯವನ್ನು ಮುಟ್ಟಲೇಬೇಕಲ್ಲವೇ? ನಲುವತ್ತು ಭಾಗಗಳ ಆ ಗ್ರಂಥದಲ್ಲಿ, ಸ್ವಭಾವ ಸಂಸ್ಕರಣೆಯ ಭಾಗದಲ್ಲಿ ಅವರು ವಿವರಿಸುವುದು ಇದನ್ನೇ. ಹೃದಯದ ಗುಣ ಅಂಗಾಂಗಗಳಿಗೆ ಹರಿಯುತ್ತದೆ. ಅಂಗಾಂಗಗಳ ಕೆಲಸದ ಪರಿಣಾಮ ಹೃದಯಕ್ಕೆ ಮರಳುತ್ತದೆ. ಸುಂದರ ಬರಹಗಾರನಾಗಬಯಸುವವನು ಮೊದಲು ಒಳ್ಳೆಯ ಬರಹವನ್ನು ಕಷ್ಟಪಟ್ಟು ನಕಲು ಮಾಡುತ್ತಾನೆ. ದಿನಗಳೆದಂತೆ ಅದು ಅವನ ಸ್ವಭಾವವಾಗುತ್ತದೆ. ಜಿಪುಣನೂ ಹಾಗೆಯೇ. ಉದಾರ ಮನಸ್ಸು ಬರಲೆಂದು ಕಾದು ಕೂರದೆ, ಮನಸ್ಸಿಲ್ಲದಿದ್ದರೂ ಕೊಡುತ್ತಾ ಹೋಗಬೇಕು. ಮನಸ್ಸು ಶುದ್ಧವಿದ್ದರೆ ಸಾಕು, ನಮಾಝ್ ಏಕೆ ಎಂದು ಕೇಳುವವರು ಈ ಭಾಗವನ್ನೊಮ್ಮೆ ಓದಬೇಕು. ಹಣೆ ನೆಲ ಮುಟ್ಟುವುದು ಹೃದಯಕ್ಕೂ ತಟ್ಟುತ್ತದೆ. ಹಾಗೆಂದು ಹೃದಯವಿಲ್ಲದ ಬಾಹ್ಯಾಚರಣೆಯನ್ನೂ ಅವರು ಕ್ಷಮಿಸಿದವರಲ್ಲ.

1106ರಲ್ಲಿ ಅಧಿಕಾರಿಗಳ ಒತ್ತಾಯದಿಂದ ಅವರು ನಿಶಾಪುರದಲ್ಲಿ ಮತ್ತೆ ಪಾಠ ಆರಂಭಿಸಿದರು. ಅಂದು ಸ್ಥಾನ ಗಳಿಸುವ ವಿದ್ಯೆಯನ್ನು ಕಲಿಸಿದ್ದವರು ಈಗ ಸ್ಥಾನವನ್ನು ತೊರೆಯುವ ವಿದ್ಯೆಯನ್ನು ಕಲಿಸಿದರು. ಕೊನೆಗೆ ತೂಸ್‌ಗೆ ಮರಳಿ, ಮನೆಯ ಪಕ್ಕದಲ್ಲಿ ವಿದ್ಯಾರ್ಥಿಗಳಿಗೊಂದು ಮದ್ರಸವನ್ನೂ ಸೂಫಿಗಳಿಗೊಂದು ಖಾನ್ಖಾವನ್ನೂ ಕಟ್ಟಿದರು. 1111ರ ಡಿಸೆಂಬರ್‌ನಲ್ಲಿ ಅಲ್ಲಿಯೇ ನಿಧನರಾದರು.